ಬೀಡಿ ಬಿಟ್ಟ ಮನೆಯ ಮೂರು ಅಮಾವಾಸ್ಯೆ

ಅವತ್ತು ನಾನು ಹಿತ್ತಲ ಕಲ್ಲಿನ ಮೇಲೆ ಕೂತು ದೇವರ ಸಾಮಾನು ತಿಕ್ಕುತ್ತಿದ್ದೆ. ಶ್ರಾವಣದ ಮೊದಲ ಶನಿವಾರಕ್ಕೆ ಇನ್ನೊಂದೇ ದಿನ ಉಳಿದಿತ್ತು. ಎರಡು ದೀಪದ ಕಂಬ, ಒಂದು ಆರತಿ ತಟ್ಟೆ, ಹಿಡಿ ಸಡಿಲವಾದ ಒಂದು ಗಂಟೆ. ನಮ್ಮ ದೇವರ ಆಸ್ತಿ ಅಷ್ಟೇ. ಹುಣಸೆಹಣ್ಣಿನ ಹುಳಿ ಬೆರಳ ಸಂದಿಗೆ ಹತ್ತಿ ಚುರುಚುರು ಅನ್ನುತ್ತಿತ್ತು. ಬೇಲಿಯ ಆಚೆ ಯಾರೋ ಕೆಮ್ಮಿದ ಹಾಗಾಯಿತು. ನೋಡಿದರೆ ಬೀದಿ ಮೂಲೆಯ ಪೆಟ್ಟಿಗೆ ಅಂಗಡಿಯ ಬೋರಣ್ಣ, ಅಂಗಡಿ ಬಿಟ್ಟು ಬಂದು ನಿಂತಿದ್ದ. ಬೋರಣ್ಣ ಅಂಗಡಿ ಬಿಟ್ಟು ಹೊರಗೆ ಬಂದದ್ದನ್ನು ಊರು ನೋಡಿದ್ದು ಕಡಿಮೆ.

"ಅಕ್ಕೋ, ಯಜಮಾನ್ರಿಗೆ ನನ್ ಮ್ಯಾಲೆ ಏನಾರ ಬೇಜಾರಾ?"

"ಯಾಕಪ್ಪಾ?"

"ನಾಕ್ ದಿನಾಯ್ತು, ಅಂಗಡಿ ಕಡೆ ತಿರುಗೂ ನೋಡ್ನಿಲ್ಲ. ನಂತಾವ ಬೀಡಿ ತಕ್ಕಳ್ದೆ ಆ ಕಡೆ ಅಂಗ್ಡಿಗೇನಾದ್ರೂ ಓಯ್ತಾವ್ರಾ ಅಂತ ವಿಚಾರ್ಸುದ್ರೆ, ಅಲ್ಲೂ ಓಗಿಲ್ವಂತೆ. ಜ್ವರಗಿರ ಏನಾರ?"

ನನ್ನ ಕೈಯಲ್ಲಿದ್ದ ದೀಪದ ಕಂಬ ಹಾಗೇ ನಿಂತುಬಿಟ್ಟಿತು. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಬದುಕಿದ ಹೆಂಡತಿಗೆ, ಗಂಡ ಬೀಡಿ ಬಿಟ್ಟ ಸುದ್ದಿಯನ್ನು ಬೀಡಿ ಮಾರುವವನು ಬಂದು ಹೇಳಬೇಕಾಯಿತು. ಏನು ಮಾಡುವುದು, ಸೇದುವುದು ಕಣ್ಣಿಗೆ ಬೀಳುತ್ತದೆ, ಸೇದದೇ ಇರುವುದು ಬೀಳುವುದಿಲ್ಲ. ನಾಲ್ಕು ದಿನದಿಂದ ಜಗಲಿಯ ಕೆಳಗೆ ಬೀಡಿ ತುಂಡು ಕಾಣದೇ ಇದ್ದದ್ದು ನಿಜ. ಆದರೆ ನಾನು ಅದು ನನ್ನ ಕಸ ಗುಡಿಸುವ ಚೆಂದ ಅಂದುಕೊಂಡಿದ್ದೆ.

ನಮ್ಮ ಯಜಮಾನರು ನೀರುಗಂಟಿ. ಕಿರಂಗೂರು ಅರಕೆರೆ ಕಡೆಯ ಗದ್ದೆಗಳಿಗೆ ಕಾಲುವೆಯ ತೂಬು ತೆಗೆದು ನೀರು ಬಿಡುವುದು, ಪಾಳಿ ಮುಗಿದರೆ ಮುಚ್ಚುವುದು, ಅದೇ ಕೆಲಸ. ಆ ಕೆಲಸಕ್ಕೂ ಬೀಡಿಗೂ ಅಂಟಿದ ನಂಟು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಗದ್ದೆಯ ಸಣ್ಣ ಮಡಿಗೆ ಒಂದು ಬೀಡಿ ಹೊತ್ತು, ದೊಡ್ಡದಕ್ಕೆ ಎರಡು. ತೂಬು ಎತ್ತಿ, ಕಟ್ಟೆಯ ಮೇಲೆ ಕೂತು, ಬೀಡಿ ಹಚ್ಚುವುದು; ಬೆರಳಿಗೆ ಬಿಸಿ ತಗುಲಿತೋ, ಎದ್ದು ತೂಬು ಇಳಿಸುವುದು. ರೈತರೂ ಹಾಗೇ ಕೇಳುತ್ತಿದ್ದರು: "ನಮ್ಗೆ ಇವತ್ತು ಇನ್ನೊಂದ್ ಅರ್ಧ ಬೀಡಿ ನೀರು ಬುಡಣ್ಣ, ನಾಟಿ ಅದೆ." ಈ ಅಳತೆಯಲ್ಲಿ ಯಾರಿಗೂ ಅನ್ಯಾಯವಾದದ್ದನ್ನು ನಾನು ಕೇಳಿಲ್ಲ.

ಬಿಡಲು ಕಾರಣ ನಾನೇ ಅಂತ ಹೇಳಿಕೊಳ್ಳಲು ನನಗೆ ಆಸೆ. ಮದುವೆಯಾದ ಎರಡನೇ ವರ್ಷದಿಂದ ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತಿದ್ದೆ: ಇವರ ಬೀಡಿ ಬಿಡಿಸು ತಾಯಿ, ನಿನಗೆ ಸೀರೆ ಉಡಿಸುತ್ತೇನೆ ಅಂತ. ಬೋರಣ್ಣ ಬಂದದ್ದಕ್ಕೆ ನಾಲ್ಕು ದಿನ ಮೊದಲು, ಭೀಮನ ಅಮಾವಾಸ್ಯೆಯ ದಿನ, ಪಾದ ತೊಳೆದು, ಅರಿಶಿನ ಕುಂಕುಮ ಇಟ್ಟು ನಮಸ್ಕಾರ ಮಾಡಿದಾಗ ಅವರು ಯಾವಾಗಿನ ಹಾಗೆ, "ಏನ್ ಬೇಕೋ ಕೇಳ್ಕಳೆ, ಇವತ್ತು ಒಂದಿನ ನಾನೇ ದೇವ್ರು" ಅಂದರು. ನಾನೂ ಯಾವಾಗಿನ ಹಾಗೆ, "ಆ ಬೀಡಿ ಬುಡಿ ಸಾಕು" ಅಂದೆ. ನಕ್ಕು ಎದ್ದು ಹೋದರು. ಅಷ್ಟೇ. ನಕ್ಕದ್ದೇ 'ಬಿಡಲ್ಲ' ಅನ್ನುವ ಉತ್ತರ ಅಂತ ತಿಳಿದಿದ್ದೆ.

ಬೋರಣ್ಣ ಹೋದ ಮೇಲೆ ಕೈ ತೊಳೆದು ನೇರ ದೇವರ ಮುಂದೆ ಹೋಗಿ ಅಡ್ಡಬಿದ್ದೆ. ಮಧ್ಯಾಹ್ನ ಅವರು ಊಟಕ್ಕೆ ಬಂದಾಗ ಕೇಳಿದೆ, "ಬೀಡಿ ಬುಟ್ರಂತೆ?"

"ಊಂ."

"ನಂಗೊಂದ್ ಮಾತ್ ಹೇಳ್ಬಾರ್ದಾ?"

"ಹೇಳುದ್ಮೇಲೆ ಮತ್ತೆ ಸೇದುದ್ರೆ ನಿನ್ನ ಮುಖ ನೋಡಕಾಯ್ತದಾ?" ಅಂದು ಮುದ್ದೆ ಮುರಿಯುತ್ತಾ, "ಅವತ್ತು ಬೆಳಿಗ್ಗೆ ಕೆಮ್ದೆ ನೋಡು, ಅದು ನನ್ನ ಕೆಮ್ಮಲ್ಲ ಕಣೆ. ನಮ್ಮಪ್ಪನ ಕೆಮ್ಮು. ಅದೇ ದನಿ" ಅಂದರು.

ನಮ್ಮ ಮಾವನವರನ್ನು ನೀವು ನೋಡಿಲ್ಲ. ಕೊನೆಯ ಎರಡು ವರ್ಷ ಗೋಡೆಗೆ ಒರಗಿಯೇ ಮಲಗಿದರು. ನೆಲಕ್ಕೆ ಬೆನ್ನು ಕೊಟ್ಟರೆ ಉಸಿರು ಬರುತ್ತಿರಲಿಲ್ಲ. ಆ ದನಿ ಮನೆಯಲ್ಲಿ ಮತ್ತೆ ಕೇಳುವುದು ಬೇಡ ಅಂತ ಯಜಮಾನರಿಗೇ ಅನ್ನಿಸಿದ್ದು ದೇವರ ದಯೆ. ನಾನು ತಕ್ಷಣ ಅರಿಶಿನ ಬಣ್ಣದ ಒಂದು ಸೀರೆಯನ್ನು ಮನಸ್ಸಿನಲ್ಲೇ ಆರಿಸಿದೆ.

ಬೀಡಿ ಬಿಟ್ಟ ಮನೆಯಲ್ಲಿ ಹಬ್ಬ ಇರುತ್ತದೆ ಅಂತ ನೀವೂ ಅಂದುಕೊಂಡಿರಬಹುದು. ನಾನೂ ಅಂದುಕೊಂಡಿದ್ದೆ. ಹತ್ತು ದಿನ ಕಳೆಯುವ ಹೊತ್ತಿಗೆ ಮನೆ ಸೂತಕದ ಮನೆಯಂತಾಯಿತು.

ಮೊದಲು ಸಿಟ್ಟು ಬಂತು. ಮಗಳು ಲತಾ ಶ್ರೀರಂಗಪಟ್ಟಣದ ಕಾಲೇಜಿಗೆ ಹೋಗುವವಳು, ಬೆಳಿಗ್ಗೆ ರೇಡಿಯೋ ಹಾಕಿಕೊಂಡು ಜಡೆ ಹೆಣೆದುಕೊಳ್ಳುತ್ತಿದ್ದಳು. "ಆರ್ಸೆ ಅದ್ನ!" ಅಂತ ಕೂಗಿದರು. ಅಲ್ಲಿಯವರೆಗೆ ಅವರು ಮಗಳನ್ನು ಕೂಗಿ ಗದರಿದ್ದೇ ಇರಲಿಲ್ಲ. ಅವಳು ಆರಿಸಿ ಬಸ್ಸಿಗೆ ಹೋದ ಮೇಲೆ ತಾವೇ ಹೋಗಿ ರೇಡಿಯೋ ಹಾಕಿ, ಯಾರೂ ಇಲ್ಲದ ಪಡಸಾಲೆಯಲ್ಲಿ ಕೂತು ಕೇಳಿದರು. ಸಂಜೆ ಅವಳಿಗೆಂದು ಹೂವು ತಂದರು. ಸಿಟ್ಟಾದರೆ ಪರವಾಗಿಲ್ಲ ಅಂತ ನನಗೆ ಆಮೇಲೆ ಅನ್ನಿಸಿತು. ಯಾಕೆಂದರೆ ಸಿಟ್ಟು ಹೋಗಿ ಏನೂ ಇಲ್ಲದ್ದೊಂದು ಬಂತು. ಮಾತಿಲ್ಲ. ಕೇಳಿದ್ದಕ್ಕೆ ಊಂ, ಇಲ್ಲದಿದ್ದರೆ ಊಹೂಂ. ಕೈ ಮಾತ್ರ ಗಳಿಗೆಗೊಮ್ಮೆ ಅಂಗಿಯ ಜೇಬಿಗೆ ಹೋಗುತ್ತಿತ್ತು, ಖಾಲಿ ಜೇಬು ಮುಟ್ಟಿ ವಾಪಸು ಬರುತ್ತಿತ್ತು. ಕರು ಸತ್ತ ಹಸು ಸಂಜೆ ಮನೆಗೆ ಬಂದು ಕರು ಕಟ್ಟುತ್ತಿದ್ದ ಗೂಟ ಮೂಸುತ್ತದಲ್ಲ, ನನಗೆ ಅದೇ ನೆನಪಾಗುತ್ತಿತ್ತು.

ನನ್ನ ತವರು ನಾಗಮಂಗಲದ ಕಡೆ. ನಮ್ಮ ತಾತ ಬೀಡಿ ಬಾಯಿಗಿಟ್ಟುಕೊಂಡು "ಮಗಾ, ಬೆಂಕಿ ತಾರವ್ವ" ಅಂದರೆ ನಾನು ಒಲೆಯ ಕೆಂಡವನ್ನು ತೆಂಗಿನ ಚಿಪ್ಪಿನಲ್ಲಿಟ್ಟು ಊದುತ್ತಾ ಓಡುತ್ತಿದ್ದೆ. ದಾರಿಯಲ್ಲಿ ಕೆಂಡ ಆರದ ಹಾಗೆ ತರುವವಳು ಅಂತ ನನಗೆ ಮನೆಯಲ್ಲಿ ಹೆಸರಿತ್ತು. ತಮ್ಮಂದಿರಿಗೆ ಆ ಕೆಲಸ ಕೊಡುತ್ತಿರಲಿಲ್ಲ. ಕೆಂಡ ಕೊಟ್ಟ ಮೇಲೆ ತಾತ ಹೊಗೆ ಬಿಟ್ಟು ತಲೆ ಸವರುತ್ತಿದ್ದರು. ಬೀಡಿಯ ವಾಸನೆಯನ್ನು ನಾನು ಇಷ್ಟು ಬೈದುಕೊಂಡು ಬದುಕಿದವಳು, ಆದರೆ ನಿಜ ಹೇಳುತ್ತೇನೆ, ಆ ವಾಸನೆ ಬಂದರೆ ಇವತ್ತಿಗೂ ನನ್ನ ನೆತ್ತಿಗೆ ಒಂದು ಕೈ ಬಂದು ಕೂತ ಹಾಗಾಗುತ್ತದೆ. ಮನುಷ್ಯರಿಗೆ ಯಾವುದು ಯಾವುದಕ್ಕೆ ಅಂಟಿಕೊಂಡಿರುತ್ತದೋ ದೇವರೇ ಬಲ್ಲ.

ಇವರ ಕಷ್ಟ ಎಂಥದು ಅಂತ ನೋಡೋಣ ಅಂದುಕೊಂಡು ನಾನೂ ಜೊತೆಗೆ ಏನಾದರೂ ಬಿಡುವುದು ಅಂತ ತೀರ್ಮಾನ ಮಾಡಿದೆ. ನನಗೆ ಇರುವುದು ಒಂದೇ ಚಟ, ಕಾಫಿ. ದೇವರ ಮುಂದೆ ನಿಂತು ಅದನ್ನು ಬಿಟ್ಟೆ. ಮೊದಲನೇ ದಿನ ತಲೆ ನೋವು. ಎರಡನೇ ದಿನ ಕಣ್ಣ ಹಿಂದೆ ಯಾರೋ ಕುಟ್ಟಾಣಿಯಲ್ಲಿ ಕುಟ್ಟಿದ ಹಾಗೆ. ಮೂರನೇ ದಿನ ಬೆಳಿಗ್ಗೆ ಅಡುಗೆಮನೆಗೆ ನುಗ್ಗಿದ ಕೋಳಿಯ ಜೊತೆ ನಾನು ಜಗಳ ಆಡುತ್ತಿದ್ದೆನಂತೆ. "ನಿನ್ಗೆ ಎಷ್ಟು ಮಾಡುದ್ರೂ ಅಷ್ಟೇ, ಕೃತಜ್ಞತೆ ಅನ್ನದು ನಿಮ್ ಜಾತೀಲೇ ಇಲ್ಲ" ಅಂತ ನಾನು ಕೋಳಿಗೆ ಅಂದದ್ದನ್ನು ಲತಾ ಕೇಳಿಸಿಕೊಂಡು, ಒಂದು ಲೋಟ ಕಾಫಿ ಮಾಡಿ ತಂದು ಕೈಗಿಟ್ಟಳು. ಕುಡಿದೆ. ದೇವರು ಕ್ಷಮಿಸಿದ. ಎರಡೂವರೆ ದಿನದ ಕಾಫಿಗೇ ನನಗೆ ಹೀಗಾದರೆ, ಹದಿನಾರನೇ ವಯಸ್ಸಿನಿಂದ ಸೇದಿದವರಿಗೆ ಹೇಗಿರಬೇಡ! ಅವತ್ತಿನಿಂದ ಅವರ ಊಹೂಂಗಳ ಮೇಲೆ ನನಗೆ ಬೇಸರವಾಗಲಿಲ್ಲ. ಹೆದರಿಕೆ ಆಗುತ್ತಿತ್ತು, ಅದು ಬೇರೆ.

ಅಷ್ಟರಲ್ಲಿ ಗದ್ದೆಯ ಕಡೆಯಿಂದ ದೂರು ಬಂತು. ಯಜಮಾನರ ಗೆಳೆಯ ಚಿಕ್ಕಣ್ಣ, ಒಂದೇ ಓರಗೆಯವನು, ಒಂದೇ ಕಡ್ಡಿಯಲ್ಲಿ ಇಬ್ಬರೂ ಬೀಡಿ ಹಚ್ಚಿಕೊಳ್ಳುತ್ತಿದ್ದವರು. ಅವನು ಜಗಲಿಗೆ ಬಂದು ಕೂತು, ಇವರನ್ನು ಬಿಟ್ಟು ನನಗೆ ಹೇಳಿದ:

"ಅತ್ಗೆಮ್ಮ, ಇವನ್ನ ಬೀಡಿ ಬುಡ್ಸಿ ಪುಣ್ಯ ಕಟ್ಕಂಡ್ರಿ ಸರಿ. ನನ್ನ ಪೈರು ಮುಳುಗೋಯ್ತು. ತೂಬು ತೆಗ್ದು ಕೂತ್ರೆ ಮುಚ್ಚೋದ್ನೇ ಮರೀತಾನೆ! ಅತ್ಲಾಗೆ ಕೆಳುಗ್ಲೋರ್ಗೆ ಅರ್ಧ ಬೀಡಿನೂ ಸಿಕ್ನಿಲ್ಲ."

"ಏನ್ಲಾ ಮಾಡ್ಲಿ, ಗೊತ್ತಾಗಲ್ಲ" ಅಂದರು ಯಜಮಾನರು, ನೆಲ ನೋಡಿಕೊಂಡು.

ಲತಾ ತನ್ನ ಕೈಗಡಿಯಾರ ಬಿಚ್ಚಿ ಅಪ್ಪನಿಗೆ ಕೊಟ್ಟಳು. ಹೆಣ್ಣುಮಕ್ಕಳ ಗಡಿಯಾರ, ಸಣ್ಣ ಮುಖದ್ದು, ಪಟ್ಟಿ ಸಾಲದೆ ಅದನ್ನು ಜೇಬಿಗೆ ಹಾಕಿಕೊಂಡರು. ನಾಲ್ಕು ದಿನ ಆದ ಮೇಲೆ ವಾಪಸು ಕೊಟ್ಟರು. "ಇದ್ನ ನೋಡ್ತಾ ಕೂತ್ರೆ ಹೊತ್ತೇ ಹೋಗಕಿಲ್ಲ ಕಣವ್ವ. ಬೀಡಿ ಆದ್ರೆ ತಾನೇ ಮುಗೀತಿತ್ತು."

ದೂರು ತಂದ ದಿನ ಚಿಕ್ಕಣ್ಣ ಹೊರಡುವಾಗ ಹಿತ್ತಲ ಕಡೆ ಬಂದು ನೀರು ಕೇಳುವ ನೆಪದಲ್ಲಿ ಇನ್ನೊಂದು ಮಾತು ಹೇಳಿದ. ಅವನ ದನಿ ತಗ್ಗಿತ್ತು. "ಬೇಜಾರ್ ಮಾಡ್ಕಬ್ಯಾಡಿ ಅತ್ಗೆಮ್ಮ. ಮೊನ್ನೆ ತೂಬಿನ್ ತಾವ ಕೂತ್ಕಂಡು, 'ಬದುಕು ಯಾಕೋ ಸಪ್ಪೆ ಕಣ್ಲಾ ಚಿಕ್ಕ, ಯಾತಕ್ಕೂ ಮನಸಾಗಕಿಲ್ಲ' ಅಂದ. ನೀರ್ನೇ ನೋಡ್ತಿದ್ದ. ನಂಗೆ ಸರಿಬೀಳ್ನಿಲ್ಲ. ಒಂದು ಕಣ್ಣು ಮಡಗಿರಿ."

ಅವನು ವಾಪಸು ಕೊಟ್ಟ ಚೊಂಬನ್ನು ಕಲ್ಲಿನ ಮೇಲಿಟ್ಟು, ಇವರು ಜಗಲಿಯಲ್ಲೇ ಇದ್ದಾರಾ ಅಂತ ಹೋಗಿ ನೋಡಿಬಂದೆ.

ಊರಿಗೆ ಮಕ್ಕಳ ಲಸಿಕೆಗೆ ಬರುತ್ತಿದ್ದ ನರ್ಸಮ್ಮನನ್ನು ಕೇಳಿದೆ. ಅವರು, "ಬಹಳ ವರ್ಷ ಸೇದಿದವರಿಗೆ ಹೀಗಾಗುತ್ತೆ ಕಣಮ್ಮ, ಸುಳ್ಳು ನಾಟಕ ಅಲ್ಲ. ಸಾಮಾನ್ಯವಾಗಿ ದಿನ ಕಳೆದ ಹಾಗೆ ಕಮ್ಮಿ ಆಗುತ್ತೆ. ಒಬ್ಬರನ್ನೇ ಬಿಡಬೇಡಿ. ಜಾಸ್ತಿ ಆದರೆ ಸುಮ್ಮನಿರದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ" ಅಂದರು. ನಾನು ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಬೀಡಿ ಸೇದ್ತಿಲ್ಲ ಡಾಕ್ಟ್ರೇ, ಅದೇ ಕಾಯ್ಲೆ ಅಂತ ಹೇಳ್ಲಾ?" ಅಂದುಬಿಟ್ಟರು. ಅಂದದ್ದು ತಮಾಷೆಯ ಮಾತೇ, ಮುಖದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಕಡೆಗೆ ಎರಡನೇ ಅಮಾವಾಸ್ಯೆಗೆ ನಾನು ನನ್ನ ಡಾಕ್ಟರಮ್ಮನ ಹತ್ತಿರವೇ ಕರೆದುಕೊಂಡು ಹೋದೆ. ಗಂಜಾಂಗೆ.

ಅಮಾವಾಸ್ಯೆಯ ದಿನ ಅಲ್ಲಿ ಜನ ಹೇಗಿರುತ್ತಾರೆ ಅಂತ ನಿಮಗೆ ಗೊತ್ತು. ಸಾಲಿನಲ್ಲಿ ನಿಂತು, ನಿಂಬೆಹಣ್ಣಿನ ಹಾರ, ಹರಕೆಯ ಹಳದಿ ಸೀರೆ ಒಪ್ಪಿಸಿದೆ. ಸೀರೆ ಕೊಟ್ಟರೆ ಲೆಕ್ಕ ಮುಗಿಯಿತು, ಕೈಮುಗಿದು ಬರಬೇಕು. ನಾನು ಬರಲಿಲ್ಲ. ಇಪ್ಪತ್ತು ವರ್ಷ ಒಂದೇ ವರ ಕೇಳಿದವಳು, ಅದು ಸಿಕ್ಕಿದ ಮೇಲೆ ನಿಂತು ದೇವರ ಹತ್ತಿರ ತಕರಾರು ಮಾಡಿದೆ. ತಾಯಿ, ಬೀಡಿ ಬಿಡಿಸು ಅಂದೆ, ಬಿಡಿಸಿದೆ. ಅದರ ಜೊತೆ ಅವರ ನಗೆಯನ್ನೂ ತಗೋ ಅಂತ ನಾನು ಅಂದಿರಲಿಲ್ಲ. ಕೇಳುವಾಗ ಪೂರ್ತಿ ಕೇಳದೇ ಇದ್ದದ್ದು ನನ್ನ ತಪ್ಪು. ಆದರೂ ನೀನು ಹೆಣ್ಣು, ನಿನಗೆ ತಿಳಿಯಬೇಕಿತ್ತು. ಹಿಂದಿದ್ದ ಹೆಂಗಸು ಬೆನ್ನಿಗೆ ಚುಚ್ಚಿ, "ಅಮ್ಮಾ, ಅಷ್ಟುದ್ದ ಏನ್ ಹೇಳ್ತಿದೀರಿ, ಎಲ್ರೂ ಕಾಯ್ತಾವ್ರೆ" ಅಂದಳು.

ನಿಮಿಷದಲ್ಲಿ ಕಷ್ಟ ಕಳೆಯುವವಳು ಅಂತ ನಮ್ಮ ಕಡೆ ಅವಳ ಹೆಸರು. ಅವಳ ಒಂದು ನಿಮಿಷ ನಮ್ಮ ಎಷ್ಟು ದಿನಕ್ಕೆ ಸಮ ಅಂತ ಅರ್ಚಕರನ್ನು ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ. ಹೊರಗೆ ಬಂದರೆ ಯಜಮಾನರು ಮೆಟ್ಟಿಲ ಮೇಲೆ ಕೂತು ಕಾವೇರಿಯನ್ನು ನೋಡುತ್ತಿದ್ದರು. ನನಗೆ ಚಿಕ್ಕಣ್ಣನ ಮಾತು ನೆನಪಾಯಿತು. ಓಡಿಹೋಗಿ ತೋಳು ಹಿಡಿದುಕೊಂಡೆ, ಅಷ್ಟು ಜನರ ಮುಂದೆ. "ಏನೇ ಇದು?" ಅಂದರು. "ಕಾಲು ಜಾರ್ತು" ಅಂದೆ. ದೇವಸ್ಥಾನದ ಮೆಟ್ಟಿಲ ಮೇಲೆ ಸುಳ್ಳು.

ಆ ದಿನಗಳಲ್ಲಿ ನಾನು ಸಂಜೆ ದೀಪ ಹಚ್ಚಿದಾಗ ದೊಡ್ಡ ದೊಡ್ಡ ವರ ಕೇಳುವುದನ್ನು ಬಿಟ್ಟೆ. ಸಿಕ್ಕಿದ್ದನ್ನು ಹೇಳುತ್ತಿದ್ದೆ. ಇವತ್ತು ದನಕ್ಕೆ ನೀರು ತೋರಿಸಿದರು, ತಾಯಿ. ಇವತ್ತು ಲತಾಳಿಗೆ ಬಸ್ಸು ಸಿಕ್ಕಿತಾ ಅಂತ ಕೇಳಿದರು. ಇವತ್ತು ಏನೂ ಇಲ್ಲ, ಆದರೆ ಗಡ್ಡ ಬೋಳಿಸಿಕೊಂಡರು.

ಈಗ ನನ್ನ ಪಾಪದ ಕೆಲಸಕ್ಕೆ ಬರುತ್ತೇನೆ.

ಮೂರನೇ ಅಮಾವಾಸ್ಯೆ ಮಹಾಲಯದ್ದು. ನಮ್ಮ ಮನೆಗಳಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಕಳಶ ಹೂಡಿ, ಹೊಸ ಪಂಚೆ ಸೀರೆ ಮಡಗಿ, ಬಾಳೆಲೆಯ ಮೇಲೆ ಸತ್ತವರಿಗೆ ಏನೇನು ಇಷ್ಟವಿತ್ತೋ ಎಲ್ಲವನ್ನೂ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಲ್ಲುವುದು. ಅವರು ಬಂದು ಉಂಡು ಹೋಗುತ್ತಾರೆ. ನಮ್ಮ ಅತ್ತೆಗೆ ಎಲೆ ಅಡಿಕೆ, ಕಜ್ಜಾಯ. ಮಾವನಿಗೆ ಕೋಳಿ ಸಾರು, ಕಡೆಗೆ ಒಂದು ಬೀಡಿ, ಪಕ್ಕದಲ್ಲೇ ಬೆಂಕಿಪೊಟ್ಟಣ. ನಾವು ಹಚ್ಚಿ ಇಟ್ಟರೆ ಎಂಜಲಾಗುತ್ತದೆ, ಆದ್ದರಿಂದ ಅವರೇ ಹಚ್ಚಿಕೊಳ್ಳಲಿ ಅಂತ. ಬಾಗಿಲು ತೆಗೆದ ಮೇಲೆ ಆ ಬೀಡಿ ಮಗನಿಗೆ ಪ್ರಸಾದ. ಪ್ರತಿ ವರ್ಷ ಯಜಮಾನರು ಜಗಲಿಯಲ್ಲಿ ಕೂತು ಅಪ್ಪನ ಬೀಡಿ ಸೇದಿಯೇ ಊಟಕ್ಕೆ ಏಳುತ್ತಿದ್ದದ್ದು.

ನನಗೆ ಹೊಳೆದದ್ದು ಇದು. ಹರಕೆ ಇರುವುದು ಬೀಡಿಗೆ. ಪ್ರಸಾದಕ್ಕೆ ಹರಕೆ ಎಲ್ಲಿದೆ? ಹಿರಿಯರು ಮುಟ್ಟಿದ್ದನ್ನು ಬೇಡ ಅನ್ನುವುದು ಪಾಪ. ಪ್ರಸಾದ ಅಂತ ಒಂದೇ ಒಂದು ಸೇದಿ, ಆ ಮುಖಕ್ಕೆ ಒಂದು ಗಳಿಗೆ ಜೀವ ಬಂದರೆ ಸಾಕು. ನಿಮಿಷಾಂಬೆಗೂ ಮಾತು ತಪ್ಪಿದ ಹಾಗಾಗುವುದಿಲ್ಲ. ಎರಡು ತಿಂಗಳು ಪೂಜೆ ಮಾಡಿದ ತಲೆಯಲ್ಲಿ ಇಂಥ ವಕೀಲಿ ಬುದ್ಧಿ ಹುಟ್ಟಿತು ನೋಡಿ! ನಾನೇ ಸೆರಗು ಹೊದ್ದು ಬೋರಣ್ಣನ ಅಂಗಡಿಗೆ ಹೋದೆ.

"ಒಂದ್ ಕಟ್ಟು ಬೀಡಿ ಕೊಡಪ್ಪ."

ಬೋರಣ್ಣ ನನ್ನ ಮುಖ ನೋಡಿದ, ಬೀಡಿ ನೋಡಿದ. "ನೀವ್ ಶುರು ಮಾಡುದ್ರಾ ಅಕ್ಕ?"

"ನಮ್ ಮಾವ್ನೋರ್ಗೆ ಕಣೋ, ಎಡೆಗೆ."

"ಒಂದ್ ಸಾಕಲ್ಲ ಎಡೆಗೆ?"

"ಕೊಡು ಸುಮ್ನೆ" ಅಂದೆ. ಒಂದೇ ಸಾಕು ಅಂತ ನನಗೂ ಗೊತ್ತಿತ್ತು. ಆದರೆ ಮುಂದಿನ ವಾರಕ್ಕೂ ಒಂದು ಬೇಕಾದರೆ? ವಕೀಲಿ ಬುದ್ಧಿ ಒಂದಕ್ಕೇ ನಿಲ್ಲುವುದಿಲ್ಲ.

ಎಡೆಗೆ ಕೆ.ಆರ್. ಪೇಟೆ ಕಡೆಯಿಂದ ಪುಟ್ಟತಾಯಮ್ಮ ಬಂದಿದ್ದರು. ಮಾವನವರ ತಂಗಿ, ಯಜಮಾನರಿಗೆ ಸೋದರತ್ತೆ. ಎಪ್ಪತ್ತು ದಾಟಿದ್ದರೂ ಬಸ್ಸಿಳಿದು ಗಂಟು ಹೊತ್ತು ನಡೆದೇ ಬರುವ ಗಟ್ಟಿ ಜೀವ. ಅಣ್ಣನ ಎಡೆಯಲ್ಲಿ ಏನು ಹೆಚ್ಚು ಏನು ಕಮ್ಮಿ ಅಂತ ನೋಡುವುದು ಅವರ ಹಕ್ಕು. ಎಲೆಯ ಪಕ್ಕ ನಾನು ಇಟ್ಟಿದ್ದ ಇಡೀ ಕಟ್ಟನ್ನು ನೋಡಿ ಕಣ್ಣು ಕಿರಿದು ಮಾಡಿದರು.

"ಇದ್ಯಾಕವ್ವ ಕಟ್ಟೇ ಮಡಗಿದ್ದೀಯ? ಸತ್ಮೇಲೆ ನಮ್ಮಣ್ಣ ಬೋ ಜಾಸ್ತಿ ಮಾಡ್ಬುಟ್ನಾ?"

ಲತಾ ಕಿಸಕ್ಕನೆ ನಕ್ಕಳು. ನಾನು ಒಂದು ಬೀಡಿ ಎಳೆದು ಎಲೆಯ ಪಕ್ಕ ಇಟ್ಟು, ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಜಮಾನರು ಧೂಪ ಹಾಕುತ್ತಿದ್ದವರು ತಿರುಗಿ ನೋಡಲಿಲ್ಲ.

ಬಾಗಿಲು ಮುಚ್ಚಿ ಹೊರಗೆ ನಿಂತೆವು. ಮಾತಾಡಬಾರದು. ಸಂಜೆ ಬಿಸಿಲು ಇನ್ನೂ ಹಂಚಿನ ಮೇಲಿತ್ತು. ಸ್ವಲ್ಪ ಹೊತ್ತಾದ ಮೇಲೆ ಪುಟ್ಟತಾಯಮ್ಮ ಬಾಗಿಲು ತಟ್ಟಿದರು, ನಾವು ಒಳಗೆ ಹೋಗಿ ಒಬ್ಬೊಬ್ಬರಾಗಿ ಅಡ್ಡಬಿದ್ದೆವು. ಎಲ್ಲರೂ ಏಳುವಷ್ಟರಲ್ಲಿ ನಾನು ಬೀಡಿಯನ್ನೂ ಬೆಂಕಿಪೊಟ್ಟಣವನ್ನೂ ಎತ್ತಿಕೊಂಡು ಯಜಮಾನರ ಮುಂದೆ ಹಿಡಿದೆ.

"ಮಾವ್ನೋರ ಪ್ರಸಾದ. ಬ್ಯಾಡ ಅನ್ಬಾರ್ದು."

ಅವರು ಬೀಡಿ ನೋಡಲಿಲ್ಲ. ನನ್ನನ್ನು ನೋಡಿದರು. "ನೀನೇ ಕೊಡ್ತಿದ್ದೀಯಾ?" ಅಂದರು.

"ಊಂ" ಅಂದೆ. ಅವರಿಂದಲೇ ಕಲಿತದ್ದು.

ತಗೊಂಡು ಕಣ್ಣಿಗೆ ಒತ್ತಿಕೊಂಡು ಜಗಲಿಗೆ ಹೋದರು. ನಾನು ಅಡುಗೆಮನೆಗೆ ಬಂದೆ. ಪುಟ್ಟತಾಯಮ್ಮ ನನ್ನ ಹಿಂದೆಯೇ ಬಂದರು. ಅವರ ಮುಖದಲ್ಲಿದ್ದ ನಗೆ ಹೋಗಿತ್ತು.

"ಅವ್ನು ಬೀಡಿ ಬುಟ್ಟಿದ್ನಾ?"

"ಎರಡು ತಿಂಗ್ಳಾಯ್ತು ಕಣತ್ತೆ. ಮಾತಿಲ್ಲ, ನಗಾಡಕಿಲ್ಲ. ನೋಡಕಾಗ್ನಿಲ್ಲ ನಂಗೆ. ಅದ್ಕೇ, ಒಂದೇ ಒಂದು ಅಂತ..."

ಮುದುಕಿ ನೆಲಕ್ಕೆ ಕೂತುಬಿಟ್ಟರು. "ನಿಮ್ಮತ್ತೇನೂ ಇದ್ನೇ ಮಾಡುದ್ಲು ಕಣೆ. ನಮ್ಮಣ್ಣ ಒಂದ್ ಸಲ ಬುಟ್ಟಿದ್ದ, ನಿನ್ ಗಂಡ ಇನ್ನೂ ಮಗ. ಇಂಗೇ, ದೆವ್ವ ಬಡ್ದೋರಂಗೆ ಕೂತಿರೋನು. ನೋಡಕಾಗ್ನಿಲ್ಲ ಅಂತ ನಿಮ್ಮತ್ತೆ, ನಮ್ಮಪ್ಪನ ಎಡೇಲಿ ಮಡಗಿ, ಪ್ರಸಾದ ಅಂತ ಕೈಗೆ ಕೊಟ್ಲು. ಒಂದೇ ಒಂದು ಅಂತವ. ಆಮೇಲೆ ಸಾಯೋಗಂಟ ಬುಡ್ನಿಲ್ಲ ಅವ್ನು. ಅವ ಗೋಡೆಗೊರಗಿ ಉಸಿರಿಗೆ ಒದ್ದಾಡೋವಾಗ ನಿಮ್ಮತ್ತೆ ಹಿತ್ಲಲ್ಲಿ ನಿಂತ್ಕಂಡು ನಂಗೆ ಹೇಳುದ್ಲು, 'ಇನ್ನೊಂದೆಲ್ಡ್ ತಿಂಗ್ಳು ಆ ಮುಖ ನೋಡ್ಕಂಡು ಇದ್ದುದ್ರೆ ಆಗ್ತಿತ್ತು ಕಣೆ, ನಾನೇ ಕೊಟ್ಬುಟ್ಟೆ' ಅಂತ."

ನನ್ನ ಕೈಯ ಸೌಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಪಡಸಾಲೆ ದಾಟುವಷ್ಟರಲ್ಲಿ ಮೂಗು ಮುಂದೆ ಮಾಡಿ ಹೊಗೆಯ ವಾಸನೆ ಹುಡುಕುತ್ತಿದ್ದೆ. ಧೂಪದ್ದೇ ಅಷ್ಟು ವಾಸನೆ ಇತ್ತು, ಏನೂ ತಿಳಿಯಲಿಲ್ಲ.

ಅವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಬೀಡಿ ಬೆರಳ ನಡುವೆ ಇತ್ತು. ಹಚ್ಚಿರಲಿಲ್ಲ. ಬೆಂಕಿಪೊಟ್ಟಣ ಪಕ್ಕದಲ್ಲಿ.

"ಹಚ್ಬ್ಯಾಡಿ" ಅಂದೆ. ಏದುಸಿರು ಬರುತ್ತಿತ್ತು. "ನನ್ನಾಣೆ, ಹಚ್ಬ್ಯಾಡಿ."

ಅವರು ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬುಡು ಅಂದೋಳು ನೀನು. ತಕ್ಕೋ ಅಂದೋಳೂ ನೀನು. ಈಗ ಬ್ಯಾಡ ಅನ್ನೋಳೂ ನೀನೇ. ಆ ನಿಮಿಷಾಂಬಮ್ಮನ್ನ ಕೇಳ್ಕಂಡು ಬಂದು ಒಂದ್ ತೀರ್ಮಾನ ಹೇಳೆ, ಅದರಂಗೆ ಮಾಡಾನೆ" ಅಂದರು. ಅನ್ನುತ್ತಾ ಅನ್ನುತ್ತಾ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಎರಡು ತಿಂಗಳಿಂದ ನಾನು ಕಾಯುತ್ತಿದ್ದದ್ದು ಆ ಒಂದು ಮೂಲೆಗೆ. ನಾನು ಅಲ್ಲೇ ಕೂತು ಅತ್ತೆ. ಸೊಂಟದಲ್ಲಿದ್ದ ಕಟ್ಟು ಆಗ ಜಾರಿ ಕೆಳಗೆ ಬಿತ್ತು, ನನ್ನ ಮಾನವೂ ಅದರ ಜೊತೆಗೆ.

"ಓಹೋ, ಕಟ್ಟೇ ತಂದಿದ್ಯಾ!"

"ನಿಮ್ ಮುಖ ನೋಡಕಾಗ್ನಿಲ್ಲ ನಂಗೆ."

ಅವರು ಬಿದ್ದ ಕಟ್ಟನ್ನು ಎತ್ತಿ ನನ್ನ ಕೈಗಿಟ್ಟರು. ಆಮೇಲೆ ಹೇಳಿದರು, ನನಗೆ ಅಂತಲೂ ಅಲ್ಲ, ಬೀದಿಗೆ ಅನ್ನುವ ಹಾಗೆ: "ನಿಂಗೊತ್ತಾ, ಬಾಯಿಗೆ ಬೀಡಿ ಬೇಕು ಅನ್ಸೋದು ಹದಿನೈದ್ ದಿನಕ್ಕೆ ಹೋಯ್ತು. ಉಳಿದದ್ದು ಬೇರೆ. ಬೀಡಿ ಸೇದ್ತಾ ಕೂತ್ರೆ ಯಾರೂ ಏನೂ ಕೇಳ್ತಿರ್ನಿಲ್ಲ. ಬೀಡಿ ಸೇದ್ತಾವ್ನೆ ಬುಡು, ಅಂತ ಹೋಗೋರು. ಈಗ ಸುಮ್ನೆ ಕೂತ್ರೆ ಬಂದೋರೆಲ್ಲ ಯಾಕ್ ಕೂತಿದ್ದೀಯ, ಏನಾಯ್ತು, ಉಷಾರಿಲ್ವಾ. ಬುಟ್ಟು ಹೋಗ್ತಾವ್ರಾ? ನೀನೂ ಅಷ್ಟೇ. ಕೂತ್ಕಳಾಕೆ ಒಂದು ನೆಪ ಇತ್ತು ಕಣೆ. ಅದು ಹೋಯ್ತು. ನಾನು ಯಾರಿಗೂ ಬ್ಯಾಡ್ವಾದ ಹೊತ್ನಲ್ಲಿ ಏನ್ ಮಾಡ್ಲಿ ಅಂತ ಗೊತ್ತಾಗ್ತಿಲ್ಲ."

ಎರಡು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ನನ್ನನ್ನೂ ಸೇರಿಸಿ ಬೈದಿದ್ದರು, ಅದಕ್ಕೇ ಸಂತೋಷವಾಯಿತು. ನಾನು ಎಷ್ಟು ಸಲ "ಏನಾಯ್ತು, ಏನಾಯ್ತು" ಅಂತ ಅವರ ತಲೆ ತಿಂದಿದ್ದೆ ಅಂತ ಎಣಿಸಿಕೊಂಡು ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಪುಟ್ಟತಾಯಮ್ಮ ಕಾಗೆಯ ಎಡೆಯ ಎಲೆ ಹಿಡಿದು ಹೊರಗೆ ಬಂದರು. ಹಂಚಿನ ಮೇಲೆ ಇಡುವುದು ಯಜಮಾನರ ಕೆಲಸ. ಅವರು ಎದ್ದು, ಎಲೆಯಲ್ಲಿದ್ದ ವಡೆಯ ಪಕ್ಕ ಬೀಡಿಯನ್ನು ಇಟ್ಟು, ಬೆಂಕಿಪೊಟ್ಟಣವನ್ನೂ ಇಟ್ಟು, ಎಲೆಯನ್ನು ಮೇಲಕ್ಕೆ ಎತ್ತಿದರು.

"ಏನ್ಲಾ, ಕಾಗೆ ಬೀಡಿ ಸೇದ್ತದೇನ್ಲಾ?"

"ಕಾಗೆ ಸೇದ್ದಿದ್ರೆ ಬುಡತ್ತೆ, ಅಪ್ಪ ಸೇದ್ಲಿ. ನಂದು ಮುಗೀತು."

"ಬೆಂಕಿಪೊಟ್ಣನೂ ಮಡುಗ್ಬುಟ್ಯಲ್ಲೋ, ಸೂರಿಗೆ ಹಚ್ಗಿಚ್ಚಾನು! ಅದ್ನ ತೆಗಿ ಮೊದ್ಲು."

ಬೆಂಕಿಪೊಟ್ಟಣ ಕೆಳಗೆ ಬಂತು. ಉಳಿದ ಕಟ್ಟನ್ನು ಮುದುಕಿ ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಬಚ್ಚಲೊಲೆಗೆ ಹಾಕಿದರು.

ಅವತ್ತೇ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ, ಒಂದು ಸುಳ್ಳು ಆಗಲೇ ದೇವಸ್ಥಾನದಲ್ಲಿ ಹೇಳಿಯಾಗಿದೆ. ದೀಪಾವಳಿಯ ಹೊತ್ತಿಗೆ ಸ್ವಲ್ಪ, ಸಂಕ್ರಾಂತಿಯ ಹೊತ್ತಿಗೆ ಇನ್ನೂ ಸ್ವಲ್ಪ. ನಡುವೆ ಮೋಡ ಕವಿದ ದಿನಗಳೂ ಇದ್ದವು. ಆ ದಿನಗಳಲ್ಲಿ ನಾನು ಅವರ ಪಕ್ಕ ಹೋಗಿ ಕೂರುವುದನ್ನು ಕಲಿತೆ. ಕೇಳುವುದಕ್ಕಲ್ಲ. ಯಾರಾದರೂ "ಏನಣ್ಣ, ಯಾಕೆ ಕೂತಿದ್ದೀರಿ?" ಅಂದರೆ ನಾನೇ, "ಏನೋ ಮಾತಾಡ್ತಾ ಇದ್ದೀವಿ ಕಣಪ್ಪ" ಅನ್ನುತ್ತಿದ್ದೆ. ಏನೂ ಮಾತಾಡುತ್ತಿರಲಿಲ್ಲ. ಅವರ ನೆಪ ಈಗ ನಾನು.

ಆ ಸಂಜೆ ಅದರ ಮೊದಲ ಪಾಠ. ಎಡೆ ಏರಿಸಿ ಬಂದು ಅವರು ಮತ್ತೆ ಕಂಬಕ್ಕೆ ಒರಗಿದರು. ನಾನು ಏಳಲು ಹೋದೆ, ಒಳಗೆ ಸಾರು ಆರುತ್ತಿತ್ತು.

"ಇನ್ನೊಂದ್ ಚೂರು ಕೂತ್ಕಳೆ" ಅಂದರು.

ಕೂತೆ. ಕೈಗೆ ಕೆಲಸವಿಲ್ಲದೆ ನಾನು ಜಗಲಿಯಲ್ಲಿ ಕೂತದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು; ಕೈಗಳನ್ನು ಎಲ್ಲಿಡಬೇಕು ಅಂತಲೇ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ. ಬೀದಿಯಲ್ಲಿ ಒಂದು ಎಮ್ಮೆ ಹೋಯಿತು. ಅರಕೆರೆ ಬಸ್ಸಿನ ಹಾರನ್ನು ಕೇಳಿಸಿತು. ಅವರ ಉಸಿರು ಪಕ್ಕದಲ್ಲಿ ಸಮವಾಗಿ ಬರುತ್ತಿತ್ತು, ಕೆಮ್ಮಿಲ್ಲದೆ.

"ಇಬ್ರೂ ಅಲ್ಲೇ ಬೇರು ಬುಟ್ರೆ ಬಡ್ಸೋರ್ ಯಾರೇ? ಸತ್ತೋರೆಲ್ಲ ಉಂಡಾಯ್ತು, ಬದುಕಿರೋರು ಹಸ್ಕಂಡಿದ್ದೀವಿ!" ಅಂತ ಒಳಗಿಂದ ಪುಟ್ಟತಾಯಮ್ಮ ಕೂಗಿದರು.

ನಾನು ಎದ್ದು ಒಳಗೆ ಹೋಗಿ, ಬಾಳೆಲೆಗಳನ್ನು ಒರೆಸಿ, ನಾಲ್ಕು ಎಲೆ ಹಾಕಿದೆ.